ಜಾನ್ ಜೇಕಬ್ ಆಸ್ಟರ್

ಜಾನ್ ಜೇಕಬ್ ಆಸ್ಟರ್ (ಜುಲೈ 17, 1763 – ಮಾರ್ಚ್ 29, 1848) ಜರ್ಮನ್ ಮೂಲದ ಅಮೆರಿಕನ್ ವರ್ತಕ ಹಾಗೂ ಭೂ ಹೂಡಿಕೆದಾರ. ತುಪ್ಪಳ ಚರ್ಮದ ವ್ಯಾಪಾರದಲ್ಲಿ ಗಳಿಸಿದ ಲಾಭವನ್ನು ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ಜಮೀನಿನಲ್ಲಿ ತೊಡಗಿಸಿ, ಮರಣಕಾಲಕ್ಕೆ ಅಮೆರಿಕದ ಅತ್ಯಂತ ಶ್ರೀಮಂತನೆನಿಸಿದ್ದ.

ಆರಂಭದ ಜೀವನ

ಆಸ್ಟರ್ ಹೈಡಲ್‌ಬರ್ಗ್ ಬಳಿಯ ವಾಲ್ಡಾರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದ. ತಂದೆ ಕಸಾಯಿ ವೃತ್ತಿಯವನು. ಹದಿಹರೆಯದಲ್ಲಿಯೇ ಮನೆ ಬಿಟ್ಟು ಲಂಡನ್ನಿಗೆ ಹೋದ ಈತ, ಅಲ್ಲಿ ಸಂಗೀತವಾದ್ಯಗಳನ್ನು ತಯಾರಿಸುತ್ತಿದ್ದ ಅಣ್ಣ ಜಾರ್ಜನೊಂದಿಗೆ ದುಡಿದು ಇಂಗ್ಲಿಷನ್ನೂ ಕಲಿತ. ಅಮೆರಿಕದ ಸ್ವಾತಂತ್ರ್ಯ ಸಮರ ಮುಗಿದೊಡನೆ, ಮಾರಾಟಕ್ಕೆಂದು ಕೆಲವು ಕೊಳಲುಗಳನ್ನು ತೆಗೆದುಕೊಂಡು ಹಡಗು ಹತ್ತಿ, 1784ರಲ್ಲಿ ಬಾಲ್ಟಿಮೋರ್ ತಲುಪಿದ. ತುಪ್ಪಳದ ವ್ಯಾಪಾರದಲ್ಲಿರುವ ಲಾಭವನ್ನು ಸಹಪ್ರಯಾಣಿಕನೊಬ್ಬನಿಂದ ತಿಳಿದನೆಂಬುದು ಪ್ರತೀತಿ.

ನ್ಯೂಯಾರ್ಕಿನಲ್ಲಿ ಇನ್ನೊಬ್ಬ ಅಣ್ಣ ಹೆನ್ರಿ ಮಾಂಸದ ವ್ಯಾಪಾರ ಮಾಡಿಕೊಂಡಿದ್ದ. 1785ರಲ್ಲಿ ಆಸ್ಟರ್ ಸಾರಾ ಟಾಡ್ ಎಂಬಾಕೆಯನ್ನು ವಿವಾಹವಾದ. ಆಕೆ ತವರಿನಿಂದ ತಂದ 300 ಡಾಲರ್ ವ್ಯಾಪಾರಕ್ಕೆ ಆಸರೆಯಾಯಿತು. ಚರ್ಮದ ಗುಣವನ್ನು ಅಳೆಯುವುದರಲ್ಲಿ ಆಕೆ ಗಂಡನಿಗಿಂತಲೂ ನಿಪುಣೆಯಾಗಿದ್ದಳೆಂದು ಹೇಳುವುದುಂಟು. ಮುಂದೆ ಆಸ್ಟರನ ಹಡಗುಗಳು ಚೀನಾದ ಕ್ಯಾಂಟನ್ ಬಂದರಿಗೆ ತುಪ್ಪಳ ಒಯ್ದು, ಚಹಾ ಮತ್ತು ರೇಷ್ಮೆ ತಂದವು. 1816ರ ಸುಮಾರಿಗೆ ಅಫೀಮಿನ ಕಳ್ಳಸಾಗಣೆಯಲ್ಲಿಯೂ ಈತ ತೊಡಗಿದ್ದ. 1808ರಲ್ಲಿ ಅಮೆರಿಕನ್ ಫರ್ ಕಂಪನಿಯನ್ನು ಸ್ಥಾಪಿಸಿದ.

ಭೂಮಿಯ ಖರೀದಿ

ಆಸ್ಟರ್ ಮೊದಲ ಸ್ಥಿರಾಸ್ತಿಯನ್ನು ಕೊಂಡದ್ದು 1789ರಲ್ಲಿ, ಅಣ್ಣ ಹೆನ್ರಿಯಿಂದಲೇ. ಅದು ಬವರಿ ಬೀದಿಯ ಸಮೀಪದ ಸಣ್ಣ ನಿವೇಶನ. ಆಗ ನಗರವು ದ್ವೀಪದ ದಕ್ಷಿಣದ ತುದಿಯಲ್ಲಿ ಮಾತ್ರ ಇತ್ತು. 1790ರ ಜನಗಣತಿಯಂತೆ ಜನಸಂಖ್ಯೆ ಸುಮಾರು 33,000. ಉತ್ತರಕ್ಕೆಲ್ಲ ಹೊಲ, ತೋಟ, ಬಂಡೆಗಳು. ನಗರ ಬೆಳೆಯಬೇಕಾದರೆ ಮೂರು ಕಡೆ ನೀರಿರುವುದರಿಂದ ಉತ್ತರಕ್ಕಲ್ಲದೆ ಬೇರೆ ದಾರಿಯಿರಲಿಲ್ಲ. ಆಸ್ಟರನ ಲೆಕ್ಕಾಚಾರದ ತಿರುಳು ಇಷ್ಟೇ. ಇದನ್ನು ಬಲ್ಲವರು ಇನ್ನೂ ಅನೇಕರಿದ್ದರು; ಆದರೆ ದಶಕಗಳವರೆಗೆ ಕಾಯಬಲ್ಲ ಹಣ ಅವರಲ್ಲಿರಲಿಲ್ಲ. ಸಾಲ ಮಾಡಿ ಭೂಮಿ ಕೊಂಡವರು ಮಾರುಕಟ್ಟೆ ಕುಸಿದಾಗ ಅದನ್ನು ಕಳೆದುಕೊಂಡರು. ಆಸ್ಟರನ ಖರೀದಿಗೆ ವ್ಯಾಪಾರದ ಲಾಭವೇ ಮೂಲಧನವಾಗಿತ್ತು.

1803ರಲ್ಲಿ ಈಡನ್ ಮನೆತನದ ಸುಮಾರು 70 ಎಕರೆ ಹೊಲ ಈತನ ಕೈಸೇರಿತು. ಇಂದಿನ ಟೈಮ್ಸ್ ಸ್ಕ್ವೇರ್ ಇರುವುದು ಆ ಹೊಲದ ಪರಿಸರದಲ್ಲಿ. ಸಾಲದಲ್ಲಿ ಸಿಲುಕಿದ್ದ ಉಪಾಧ್ಯಕ್ಷ ಏರನ್ ಬರ್‌ನಿಂದ ಟ್ರಿನಿಟಿ ಚರ್ಚಿಗೆ ಸೇರಿದ ಜಮೀನಿನ ದೀರ್ಘಾವಧಿ ಗುತ್ತಿಗೆಯ ಹಕ್ಕನ್ನು ಪಡೆದು, ನಿವೇಶನಗಳಾಗಿ ವಿಂಗಡಿಸಿ ಒಳಗುತ್ತಿಗೆಗೆ ಕೊಟ್ಟ. 1811ರಲ್ಲಿ ದ್ವೀಪದ ಬಹುಭಾಗಕ್ಕೆ ಚೌಕಾಕಾರದ ಬೀದಿಗಳ ನಕ್ಷೆ ಸಿದ್ಧವಾಯಿತು. 1825ರಲ್ಲಿ ಈರೀ ಕಾಲುವೆ ತೆರೆದು ನ್ಯೂಯಾರ್ಕ್ ಬಂದರಿಗೆ ಒಳನಾಡಿನ ಸರಕು ಹರಿದುಬಂತು. 1840ರ ವೇಳೆಗೆ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಈ ಬೆಳವಣಿಗೆಗಳಿಂದ ಆಸ್ಟರನ ಜಮೀನಿನ ಬೆಲೆ ಏರಿತು.

ಆಸ್ಟರ್ ಸ್ವತಃ ಕಟ್ಟಿಸಿದ ಕಟ್ಟಡಗಳು ಕಡಿಮೆ. 1836ರಲ್ಲಿ ತೆರೆದ ಆಸ್ಟರ್ ಹೌಸ್ ಹೋಟೆಲು ಅವುಗಳಲ್ಲಿ ಪ್ರಸಿದ್ಧ. ಸಾಮಾನ್ಯವಾಗಿ ಬರಿಯ ನೆಲವನ್ನು 21 ವರ್ಷಗಳಂತಹ ಅವಧಿಗೆ ಗುತ್ತಿಗೆ ಕೊಡುತ್ತಿದ್ದ. ಮನೆ ಕಟ್ಟುವ ಖರ್ಚು, ತೆರಿಗೆ ಎಲ್ಲವೂ ಗುತ್ತಿಗೆದಾರನ ಪಾಲಿಗೆ. ಅವಧಿ ಮುಗಿದಾಗ ನೆಲ ಹೆಚ್ಚಿದ ಬೆಲೆಯೊಂದಿಗೆ ಒಡೆಯನಿಗೇ ಮರಳುತ್ತಿತ್ತು. 1834ರಲ್ಲಿ ತುಪ್ಪಳದ ವ್ಯಾಪಾರವನ್ನು ತೊರೆದ ಮೇಲೆ ಭೂಮಿಯೇ ಮುಖ್ಯ ಉದ್ಯಮವಾಯಿತು. 1837ರ ಆರ್ಥಿಕ ಕುಸಿತದಲ್ಲಿ ಅಡಮಾನದ ಕಂತು ಕಟ್ಟಲಾಗದವರ ಆಸ್ತಿಗಳು ಅಗ್ಗಕ್ಕೆ ಈತನ ವಶವಾದವು.

ಪಟ್ನಮ್ ಕೌಂಟಿಯ ವ್ಯಾಜ್ಯ

ಕ್ರಾಂತಿಯ ಕಾಲದಲ್ಲಿ ಬ್ರಿಟಿಷ್ ಪಕ್ಷಪಾತಿಯಾಗಿದ್ದ ರೋಜರ್ ಮಾರಿಸ್ ದಂಪತಿಯ ಸುಮಾರು 50,000 ಎಕರೆ ಭೂಮಿಯನ್ನು ನ್ಯೂಯಾರ್ಕ್ ರಾಜ್ಯವು ಮುಟ್ಟುಗೋಲು ಹಾಕಿಕೊಂಡು ರೈತರಿಗೆ ಮಾರಿತ್ತು. ಆದರೆ ವಿವಾಹಕಾಲದ ಪತ್ರವೊಂದರಂತೆ ದಂಪತಿಗೆ ಇದ್ದದ್ದು ಜೀವಿತಾವಧಿಯ ಹಕ್ಕು ಮಾತ್ರ. ನಂತರದ ಹಕ್ಕು ಮಕ್ಕಳದು. ಆಸ್ಟರ್ 1809ರಲ್ಲಿ ಆ ಮಕ್ಕಳ ಹಕ್ಕನ್ನು ಸುಮಾರು ಒಂದು ಲಕ್ಷ ಡಾಲರಿಗೆ ಕೊಂಡ. ಸರ್ಕಾರವನ್ನು ನಂಬಿ ಹಣ ತೆತ್ತು, ಕಾಡು ಕಡಿದು ಸಾಗುವಳಿ ಮಾಡಿದ್ದ ನೂರಾರು ಕುಟುಂಬಗಳ ಕ್ರಯಪತ್ರಗಳು ಒಮ್ಮೆಲೇ ಪ್ರಶ್ನಾರ್ಹವಾದವು. ದೀರ್ಘ ವ್ಯಾಜ್ಯದ ನಂತರ ರಾಜ್ಯವೇ ಐದು ಲಕ್ಷ ಡಾಲರಿನ ಸಾಲಪತ್ರಗಳನ್ನು ಆಸ್ಟರನಿಗೆ ಕೊಟ್ಟು ರೈತರನ್ನು ಉಳಿಸಿತು. ಕಾನೂನಿನ ದೃಷ್ಟಿಯಿಂದ ಆಸ್ಟರನದು ತಪ್ಪಲ್ಲದಿದ್ದರೂ ಜನರ ಅಸಮಾಧಾನಕ್ಕೆ ಕಾರಣವಿಲ್ಲದಿರಲಿಲ್ಲ.

ಮರಣ ಮತ್ತು ಆಸ್ತಿ

ಆಸ್ಟರ್ ಬಿಟ್ಟುಹೋದ ಆಸ್ತಿಯ ಮೌಲ್ಯ ಸುಮಾರು ಎರಡು ಕೋಟಿ ಡಾಲರ್. ಹೆಚ್ಚಿನ ಪಾಲು ಮಗ ವಿಲಿಯಂ ಬ್ಯಾಕ್‌ಹೌಸ್ ಆಸ್ಟರನಿಗೆ ಸಂದಿತು. ಮಗನ ಕಾಲದಲ್ಲಿ ಆಸ್ಟರ್ ಕುಟುಂಬದ ನೆಲದ ಮೇಲೆ ಗುತ್ತಿಗೆದಾರರು ಎಬ್ಬಿಸಿದ ಇಕ್ಕಟ್ಟಾದ ಬಾಡಿಗೆ ವಠಾರಗಳಲ್ಲಿ ಬಡ ವಲಸಿಗರು ಗಾಳಿಬೆಳಕಿಲ್ಲದೆ ಬಾಳಿದರು. ಸಮಾಜ ಸುಧಾರಕರು ಇದನ್ನು ತೀವ್ರವಾಗಿ ಟೀಕಿಸಿದರು. ಉಯಿಲಿನಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆಂದು ನಾಲ್ಕು ಲಕ್ಷ ಡಾಲರ್ ಮೀಸಲಾಗಿತ್ತು. ಹಾಗೆ ಸ್ಥಾಪಿತವಾದ ಆಸ್ಟರ್ ಗ್ರಂಥಾಲಯವು 1895ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಲೀನವಾಯಿತು.