ನಿಕೋಲಾ ಟೆಸ್ಲಾ ಮತ್ತು ನಮ್ಮ ಹೊಲದ ಮೋಟಾರು

ನಾನು ಇತಿಹಾಸ ಓದುವ ವಿದ್ಯಾರ್ಥಿ. ವಿದ್ಯುಚ್ಛಾಸ್ತ್ರಕ್ಕೂ ನನಗೂ ಪರೀಕ್ಷೆಯ ಸಂಬಂಧವಿಲ್ಲ. ಆದರೂ ಈ ಸಂಚಿಕೆಗೆ ಒಬ್ಬ ಮಹನೀಯನ ಜೀವನವನ್ನು ಬರೆಯಬೇಕೆಂದು ಕುಳಿತಾಗ ನಿಕೋಲಾ ಟೆಸ್ಲಾನ ಹೆಸರೇ ಮೊದಲು ನೆನಪಿಗೆ ಬಂದಿತು. ಅದಕ್ಕೆ ಕಾರಣ ನಮ್ಮ ಹೊಲದ ಮನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬೆದ್ದಲು ಭೂಮಿಯ ಒಕ್ಕಲಿಗನಿಗೆ ಮಳೆಯ ನೆಚ್ಚಿಕೆ ಕಡಿಮೆ. ಬೋರಿನ ನೀರೇ ಆಧಾರ. ಕೂಡ್ಲಿಗಿ ತಾಲೂಕಿನ ನಮ್ಮ ಹೊಲದವರೆಗೆ ಕರೆಂಟಿನ ಕಂಬ ಬಂದಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಜೋಡಿ ಹೋರಿಗಳನ್ನು ಮಾರಿ ಸೌರ ಫಲಕ, ಬ್ಯಾಟರಿ ಮತ್ತು ಮೂರು ಕೆ.ವಿ.ಎ. ಇನ್ವರ್ಟರನ್ನು ತಂದರು. ದೀಪ ಉರಿಯಿತು, ಫ್ಯಾನು ತಿರುಗಿತು. ಒಂದೂವರೆ ಅಶ್ವಶಕ್ತಿಯ ಬೋರಿನ ಮೋಟಾರಿನ ಗುಂಡಿ ಒತ್ತಿದೊಡನೆ ಇನ್ವರ್ಟರು ಒಮ್ಮೆ ಕೂಗಿ ಸ್ತಬ್ಧವಾಯಿತು. ಅದು ಚೈತ್ರದ ಬಿಸಿಲು. ದನಗಳು ಬರಿದಾದ ಬಾನಿಯ ಮುಂದೆ ನಿಂತಿದ್ದವು. ಹೋರಿಯೂ ಹೋಯಿತು, ನೀರೂ ಬರಲಿಲ್ಲ ಎಂಬ ಚಿಂತೆ ಅಪ್ಪನ ಮುಖದಲ್ಲಿತ್ತು. ಕಾರಣ ಹುಡುಕುತ್ತ ಕಾಲೇಜಿನ ಗ್ರಂಥಾಲಯಕ್ಕೆ ಬಂದವನಿಗೆ ಸಿಕ್ಕಿದ್ದು ಟೆಸ್ಲಾನ ಚರಿತ್ರೆ.

ಟೆಸ್ಲಾನು 1856ನೆಯ ಇಸವಿ ಜುಲೈ 10ರಂದು ಇಂದಿನ ಕ್ರೊಯೇಷಿಯಾ ದೇಶದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಸರ್ಬಿಯನ್ ಮನೆತನದಲ್ಲಿ ಹುಟ್ಟಿದನು. ತಂದೆ ಪಾದ್ರಿ. ತಾಯಿ ಮನೆಗೆಲಸಕ್ಕೆ ಬೇಕಾದ ಚಿಕ್ಕಪುಟ್ಟ ಸಾಧನಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ ಜಾಣೆ. ತನ್ನ ಬುದ್ಧಿ ತಾಯಿಯಿಂದ ಬಂದದ್ದೆಂದು ಆತನು ಕಡೆಯವರೆಗೂ ನಂಬಿದ್ದನು.

1875ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಅಲ್ಲಿ ಗ್ರಾಂ ಎಂಬಾತನ ಡೈನಮೋ ಯಂತ್ರವನ್ನು ಕಂಡನು. ಅದು ಡಿ.ಸಿ. ಯಂತ್ರ, ತಿರುಗುವಾಗ ಅದರ ಕುಂಚಗಳ ಬಳಿ ಕಿಡಿ ಹಾರುತ್ತಿತ್ತು. ಆ ಕುಂಚಗಳಿಲ್ಲದೆಯೇ ಮೋಟಾರನ್ನು ತಿರುಗಿಸಬಾರದೇಕೆ ಎಂದು ವಿದ್ಯಾರ್ಥಿ ಕೇಳಿದನು. ಅದು ಆಗದ ಮಾತೆಂದು ಅಧ್ಯಾಪಕರು ತರಗತಿಯಲ್ಲೇ ತಳ್ಳಿಹಾಕಿದರು. ಪದವಿಯನ್ನು ಮುಗಿಸದೆಯೇ ಹೊರಬಿದ್ದ ಟೆಸ್ಲಾ ಆ ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

1882ರಲ್ಲಿ ಬುಡಾಪೆಸ್ಟಿನ ಉದ್ಯಾನವೊಂದರಲ್ಲಿ ಗೆಳೆಯನೊಡನೆ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಒಂದರ ಹಿಂದೊಂದು ಏರಿಳಿಯುವ ಎರಡು ಎ.ಸಿ. ಪ್ರವಾಹಗಳನ್ನು ಬೇರೆ ಬೇರೆ ಸುರುಳಿಗಳಿಗೆ ಕೊಟ್ಟರೆ ಅಯಸ್ಕಾಂತ ಕ್ಷೇತ್ರವೇ ಸುತ್ತತೊಡಗುತ್ತದೆ; ನಡುವೆ ಇರುವ ಉಕ್ಕಿನ ಉರುಳೆ ಅದರ ಬೆನ್ನು ಹತ್ತಿ ತಿರುಗುತ್ತದೆ. ಉರುಳೆಗೆ ತಂತಿ ಮುಟ್ಟಿಸಬೇಕಿಲ್ಲ. ಇದೇ ಇಂಡಕ್ಷನ್ ಮೋಟಾರು. ಇಟಲಿಯ ಗೆಲಿಲಿಯೊ ಫೆರಾರಿಸನೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡನೆಂಬುದನ್ನು ಇಲ್ಲಿ ಹೇಳುವುದು ನ್ಯಾಯ.

1884ರಲ್ಲಿ ಟೆಸ್ಲಾ ಅಮೆರಿಕ ಸೇರಿ ಎಡಿಸನ್ನನ ಬಳಿ ಕೆಲಸಕ್ಕೆ ನಿಂತನು. ಡಿ.ಸಿ.ಯ ಪಕ್ಷಪಾತಿಯಾದ ಎಡಿಸನ್ನನಿಗೂ ಈತನಿಗೂ ಬಹುಕಾಲ ಹೊಂದಲಿಲ್ಲ. ಕೆಲಸ ಬಿಟ್ಟವನು ಹೊಟ್ಟೆಪಾಡಿಗಾಗಿ ಕೆಲಕಾಲ ಮಣ್ಣು ಅಗೆದನು. 1888ರಲ್ಲಿ ಮೋಟಾರಿನ ಪೇಟೆಂಟು ದೊರೆಯಿತು. ವೆಸ್ಟಿಂಗ್‌ಹೌಸ್ ಅದನ್ನು ಕೊಂಡನು. 1896ರಲ್ಲಿ ನಯಾಗರಾ ಜಲಪಾತದ ವಿದ್ಯುತ್ತು ಬಫಲೋ ನಗರವನ್ನು ಮುಟ್ಟಿತು. ಆರು ವರ್ಷದಲ್ಲೇ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಯನ್ನು ತಲುಪಿತೆಂಬುದು ಕನ್ನಡಿಗರ ಹೆಮ್ಮೆ.

ಈಗ ನಮ್ಮ ಬೋರಿನ ಕಥೆಗೆ ಬರೋಣ. ಟೆಸ್ಲಾನ ಮೋಟಾರಿನಲ್ಲಿ ಕ್ಷೇತ್ರವು ಗುಂಡಿ ಒತ್ತಿದ ಕ್ಷಣವೇ ಪೂರ್ಣ ವೇಗದಲ್ಲಿ ಸುತ್ತುತ್ತದೆ. ಉರುಳೆ ಇನ್ನೂ ನಿಂತೇ ಇರುತ್ತದೆ. ಇವೆರಡರ ವೇಗದ ಅಂತರ ದೊಡ್ಡದಿರುವ ತನಕ ಮೋಟಾರು ವಿಪರೀತ ವಿದ್ಯುತ್ತನ್ನು ಎಳೆಯುತ್ತದೆ. ಓಡುವಾಗ ಸುಮಾರು 10 ಆಂಪಿಯರು ಸಾಕಾದ ನಮ್ಮ ಮೋಟಾರಿಗೆ ಹೊರಡುವಾಗ 50 ಆಂಪಿಯರು ಬೇಕು. 230 ವೋಲ್ಟಿನ ಲೆಕ್ಕದಲ್ಲಿ ಓಟಕ್ಕೆ 2.3 ಕೆ.ವಿ.ಎ., ಹೊರಡುವುದಕ್ಕೆ 11.5 ಕೆ.ವಿ.ಎ. ಮೂರು ಕೆ.ವಿ.ಎ.ಯ ಇನ್ವರ್ಟರು ಮುಗ್ಗರಿಸಿದ್ದರಲ್ಲಿ ಆಶ್ಚರ್ಯವೇನು? ನಾವು ಫಲಕದ ಮೇಲಿನ ಅಶ್ವಶಕ್ತಿಯನ್ನು ನೋಡಿದ್ದೆವು. ಹೊರಡುವ ಹೊತ್ತಿನ ಹಸಿವನ್ನು ಕೇಳಿರಲಿಲ್ಲ.

ಆದ್ದರಿಂದ ಮೋಟಾರುಳ್ಳ ಮನೆಯವರು ಇನ್ವರ್ಟರನ್ನು ಕೊಳ್ಳುವಾಗ ಮೂರು ಸಂಗತಿ ವಿಚಾರಿಸಬೇಕು. ಮೊದಲನೆಯದು, ಅದು ತನ್ನ ಶಕ್ತಿಯ ಎಷ್ಟು ಪಟ್ಟನ್ನು ಎಷ್ಟು ಸೆಕೆಂಡು ತಾಳುತ್ತದೆ? ಭಾರವಾದ ಟ್ರಾನ್ಸ್‌ಫಾರ್ಮರುಳ್ಳ ಇನ್ವರ್ಟರು ಸಾಮಾನ್ಯವಾಗಿ ಹಗುರವಾದದ್ದಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. ಎರಡನೆಯದು, ಅದರ ಅಲೆ ಶುದ್ಧ ಸೈನ್ ಅಲೆಯೇ? ಅಲ್ಲದಿದ್ದರೆ ಮೋಟಾರು ಗುಂಯ್‌ಗುಟ್ಟಿ ಕಾಯುತ್ತದೆ. ಮೂರನೆಯದು, ಬ್ಯಾಟರಿಯ ವೋಲ್ಟು ಎಷ್ಟು? ಆ 11.5 ಕೆ.ವಿ.ಎ.ಯನ್ನು 48 ವೋಲ್ಟಿನಿಂದ ಕೊಡಲು ಸುಮಾರು 240 ಆಂಪಿಯರು ಹರಿದರೆ, 24 ವೋಲ್ಟಿನಿಂದ ಅದರ ಇಮ್ಮಡಿ ಹರಿಯಬೇಕು, ತಂತಿ ಸುಟ್ಟೀತು. ಬೋರು ಮತ್ತು ಹಿಟ್ಟಿನ ಗಿರಣಿಯನ್ನು ಒಟ್ಟಿಗೇ ಚಾಲೂ ಮಾಡಬಾರದೆಂಬುದು ಬೇರೆ ಹೇಳಬೇಕಿಲ್ಲ.

ದೊಡ್ಡ ಇನ್ವರ್ಟರಿಗೆ ನಮ್ಮಲ್ಲಿ ಹಣವಿರಲಿಲ್ಲ. ದಾರಿಯನ್ನು ತೋರಿಸಿದ್ದು ಟೆಸ್ಲಾನ ತತ್ತ್ವವೇ. ಕ್ಷೇತ್ರವನ್ನೇ ಮೆಲ್ಲಗೆ ಸುತ್ತಿಸಿದರೆ ಉರುಳೆಯೂ ಮೆಲ್ಲಗೆ ಜೊತೆಗೂಡುತ್ತದೆ. ಆಗ ದಿಢೀರ್ ಸೆಳೆತವಿಲ್ಲ. ವಿ.ಎಫ್.ಡಿ. ಎಂಬ ಪೆಟ್ಟಿಗೆ ಮಾಡುವ ಕೆಲಸ ಇದೇ. ಅದು ಕಂಡೆನ್ಸರಿನ ಸಿಂಗಲ್ ಫೇಸ್ ಮೋಟಾರಿಗೆ ಹೊಂದದು; ತ್ರೀ ಫೇಸ್ ಮೋಟಾರು ಬೇಕು. ಕೂಡ್ಲಿಗಿಯ ವೈಂಡಿಂಗ್ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು, ಮೇಲೆ ಅಷ್ಟಿಷ್ಟು ಸೇರಿಸಿ ತ್ರೀ ಫೇಸ್ ಮೋಟಾರು ತಂದೆವು. ಈಗ ಹಗಲು ಬಿಸಿಲಿರುವಾಗ ಬೋರು ಓಡಿ ತೊಟ್ಟಿ ತುಂಬುತ್ತದೆ. ಬ್ಯಾಟರಿ ರಾತ್ರಿಯ ದೀಪಕ್ಕೆ ಉಳಿಯುತ್ತದೆ. ನೀರನ್ನೇ ಕೂಡಿಟ್ಟರೆ ಕರೆಂಟನ್ನು ಕೂಡಿಡುವ ಖರ್ಚು ತಪ್ಪಿತು.

ಲೋಕಕ್ಕೆ ಇಷ್ಟು ಕೊಟ್ಟ ಟೆಸ್ಲಾನ ಕೊನೆಗಾಲ ಸುಖದ್ದಲ್ಲ. ವೆಸ್ಟಿಂಗ್‌ಹೌಸ್ ಕಂಪನಿ ಇಕ್ಕಟ್ಟಿನಲ್ಲಿದ್ದಾಗ ತನಗೆ ಬರಬೇಕಾದ ಗೌರವಧನವನ್ನು ಬಿಟ್ಟುಕೊಟ್ಟನು. ತಂತಿಯಿಲ್ಲದೆ ವಿದ್ಯುತ್ತು ಹಂಚುವ ಆಸೆಯಿಂದ ಕಟ್ಟಿದ ಗೋಪುರ ಹಣವಿಲ್ಲದೆ ನಿಂತು, 1917ರಲ್ಲಿ ನೆಲಸಮವಾಯಿತು. ಮದುವೆಯಾಗದೆ, ಪಾರಿವಾಳಗಳಿಗೆ ಕಾಳು ಹಾಕುತ್ತ, ಸಾಲದಲ್ಲಿ ದಿನ ನೂಕಿ, 1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲು ಕೋಣೆಯಲ್ಲಿ ಒಂಟಿಯಾಗಿ ತೀರಿಕೊಂಡನು. 1960ರಲ್ಲಿ ಅಯಸ್ಕಾಂತ ಕ್ಷೇತ್ರದ ಅಳತೆಯ ಮಾನಕ್ಕೆ ಆತನ ಹೆಸರಿಟ್ಟರು.

ರಜೆಯಲ್ಲಿ ಊರಿಗೆ ಹೋದಾಗ ಬೆಳಿಗ್ಗೆ ಮೋಟಾರು ಮೆಲ್ಲಗೆ ದನಿ ಏರಿಸುವುದನ್ನು ಕೇಳುತ್ತೇನೆ. ದನಗಳು ಬಾನಿಯತ್ತ ಬರುತ್ತವೆ. ಅಪ್ಪನಿಗೆ ಟೆಸ್ಲಾ ಯಾರೆಂದು ಗೊತ್ತಿಲ್ಲ, ತಿಳಿಸಬೇಕೆಂದಿದ್ದೇನೆ. ತರಗತಿಯಲ್ಲಿ ಆಗದ ಮಾತೆನಿಸಿಕೊಂಡ ಒಂದು ಪ್ರಶ್ನೆಯಿಂದ ನಮ್ಮ ಬೆದ್ದಲು ಹೊಲಕ್ಕೆ ನೀರು ಬಂದಿತು. ಪ್ರಶ್ನೆ ಕೇಳಲು ನಾಚುವ ನನ್ನಂಥ ಸಹಪಾಠಿಗಳು ಇದನ್ನು ನೆನಪಿಟ್ಟುಕೊಂಡರೆ ಈ ಬರಹದ ಶ್ರಮ ಸಾರ್ಥಕ.