ಸರ್ ಅರ್ನೆಸ್ಟ್ ಶ್ಯಾಕಲ್ಟನನ ಚರಿತ್ರೆ

ಕೈಕೊಂಡ ಕಾರ್ಯದಲ್ಲಿ ಜಯ ಪಡೆದವರ ಚರಿತ್ರೆಯನ್ನು ಲೋಕವು ಆದರದಿಂದ ಓದುವುದು ಸಹಜವು. ಆದರೆ ಕಾರ್ಯದಲ್ಲಿ ಸೋತರೂ ಮಹಾಪುರುಷನೆನಿಸಿಕೊಂಡವರು ವಿರಳರು. ಸರ್ ಅರ್ನೆಸ್ಟ್ ಶ್ಯಾಕಲ್ಟನನು ಅಂಥವರಲ್ಲಿ ಒಬ್ಬನು. ಈತನು ದಕ್ಷಿಣ ಧ್ರುವವನ್ನು ಮುಟ್ಟಲಿಲ್ಲ; ದಕ್ಷಿಣ ಹಿಮಖಂಡವನ್ನು ದಾಟಲೂ ಇಲ್ಲ. ಆದರೂ ನಿರ್ಜನ ದ್ವೀಪದಲ್ಲಿ ತನ್ನನ್ನೇ ನಂಬಿ ಕಾದಿದ್ದ 22 ಮಂದಿಯನ್ನು ಕೈಬಿಡದೆ ಕಾಪಾಡಿದುದರಿಂದ ಈತನ ಹೆಸರು ಇಂದಿಗೂ ಉಳಿದಿರುವುದು.

ಈತನು 1874ನೆಯ ಇಸವಿ ಫೆಬ್ರವರಿ 15ರಲ್ಲಿ ಐರ್ಲೆಂಡ್ ದೇಶದ ಕಿಲ್ಡೇರ್ ಪ್ರಾಂತದಲ್ಲಿ ಜನಿಸಿದನು. ಹತ್ತು ಮಂದಿ ಮಕ್ಕಳಲ್ಲಿ ಈತನು ಎರಡನೆಯವನು. ತಂದೆಯು ಬೇಸಾಯವನ್ನು ಬಿಟ್ಟು ವೈದ್ಯವಿದ್ಯೆಯನ್ನು ಕಲಿತು ಲಂಡನಿನಲ್ಲಿ ನೆಲಸಿದ್ದನು. ಮಗನೂ ವೈದ್ಯನಾಗಲೆಂದು ತಂದೆಗೆ ಆಶೆಯಿತ್ತು. ಹುಡುಗನ ಮನಸ್ಸಾದರೋ ಸಮುದ್ರದ ಕಡೆಗೇ ಇತ್ತು. ಹದಿನಾರನೆಯ ವಯಸ್ಸಿನಲ್ಲಿಯೇ ಆತನು ಹಡಗಿನ ಕೆಲಸಕ್ಕೆ ಸೇರಿದನು. 1901ರಲ್ಲಿ ಸ್ಕಾಟ್ ಎಂಬ ನಾಯಕನೊಡನೆ ದಕ್ಷಿಣ ಹಿಮಖಂಡಕ್ಕೆ ಹೋಗಿ, ರೋಗಪೀಡಿತನಾಗಿ 1903ರಲ್ಲಿ ಹಿಂದಕ್ಕೆ ಕಳುಹಿಸಲ್ಪಟ್ಟನು. 1904ರಲ್ಲಿ ಎಮಿಲಿ ಡಾರ್ಮನ್ ಎಂಬಾಕೆಯನ್ನು ವಿವಾಹವಾದನು.

1907ರಲ್ಲಿ ಶ್ಯಾಕಲ್ಟನನು ತಾನೇ ನಾಯಕನಾಗಿ ಮತ್ತೆ ಹೊರಟನು. 1909ನೆಯ ಜನವರಿ 9ರಂದು ಆತನೂ ಮೂವರು ಸಂಗಡಿಗರೂ ಧ್ರುವಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿದ್ದರು. ಅದುವರೆಗೆ ಯಾವ ಮನುಷ್ಯನೂ ಅಷ್ಟು ದಕ್ಷಿಣಕ್ಕೆ ಹೋಗಿರಲಿಲ್ಲ. ಇನ್ನು ಕೆಲವು ದಿನ ನಡೆದರೆ ಲೋಕದ ಕೀರ್ತಿಯೆಲ್ಲವೂ ಆತನದೇ. ಆದರೆ ಆಹಾರವು ಸಾಲದು; ಮುಂದೆ ಹೋದವರು ಜೀವಸಹಿತ ಮರಳಲಾರರು. ಇದನ್ನು ಅರಿತು ಆತನು ಅಲ್ಲಿಂದಲೇ ಹಿಂದಿರುಗಿದನು. ಕೀರ್ತಿಗಿಂತ ಪ್ರಾಣವು ದೊಡ್ಡದೆಂಬ ಈ ನಿಶ್ಚಯವೇ ಆತನ ಜೀವಿತದ ಕೀಲಿಕೈ ಎನ್ನಬಹುದು.

1911ರಲ್ಲಿ ನಾರ್ವೆ ದೇಶದ ಅಮುಂಡ್ಸೆನನು ಧ್ರುವವನ್ನು ಮುಟ್ಟಿದನು. ಅಂದಿನಿಂದ ಶ್ಯಾಕಲ್ಟನನು ಹಿಮಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ದಾಟಲು ಸಂಕಲ್ಪಿಸಿದನು. ಅದಕ್ಕೆ ಬೇಕಾದ ನಾಯಿಗಳನ್ನು ಕೊಳ್ಳಲು ಇಂಗ್ಲೆಂಡು, ಸ್ಕಾಟ್ಲೆಂಡುಗಳ ಶಾಲೆಗಳೂ ಹಣವನ್ನು ಕೊಟ್ಟವು. ಗಂಡಸರ ಉಡುಪನ್ನು ಧರಿಸಿಯಾದರೂ ಬರುವೆವೆಂದು ಮೂವರು ಹುಡುಗಿಯರು ಕಾಗದ ಬರೆದರು. ಸ್ತ್ರೀಯರಿಗೆ ಸ್ಥಳವಿಲ್ಲವೆಂದು ಆತನು ಉತ್ತರ ಕೊಟ್ಟನು. ಆದರೂ ಸ್ತ್ರೀಯೊಬ್ಬಳ ಹೆಸರು ಆ ಯಾತ್ರೆಯಲ್ಲಿ ಸೇರಿತು. ಧನಸಹಾಯ ಮಾಡಿದ ಜಾನೆಟ್ ಸ್ಟ್ಯಾಂಕೂಮ್ ವಿಲ್ಸ್ ಎಂಬಾಕೆಯ ಹೆಸರನ್ನು ಹಡಗಿನ ಮೂರು ದೋಣಿಗಳಲ್ಲಿ ಒಂದಕ್ಕೆ ಇಟ್ಟರು.

ತಾಳ್ಮೆಯೆಂಬ ಅರ್ಥವುಳ್ಳ ‘ಎಂಡ್ಯೂರನ್ಸ್’ ನೌಕೆಯು 28 ಮಂದಿಯೊಡನೆ 1914ನೆಯ ಡಿಸೆಂಬರ್ 5ರಂದು ಸೌತ್ ಜಾರ್ಜಿಯಾ ದ್ವೀಪವನ್ನು ಬಿಟ್ಟಿತು. ಮರುತಿಂಗಳಲ್ಲಿಯೇ ಅದು ಹಿಮಗಡ್ಡೆಗಳ ನಡುವೆ ಸಿಕ್ಕಿಬಿದ್ದಿತು. ಹತ್ತು ತಿಂಗಳವರೆಗೆ ಹಿಮವು ಹಡಗನ್ನು ಹಿಸುಕಿ, ಕಡೆಗೆ 1915ನೆಯ ನವೆಂಬರ್ 21ರಂದು ಅದು ಮುಳುಗಿಹೋಯಿತು. ಹಡಗನ್ನು ತೊರೆದಾಗ ಭಾರವನ್ನು ಕಡಿಮೆಮಾಡಬೇಕೆಂದು ಶ್ಯಾಕಲ್ಟನನು ತನ್ನ ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಎಸೆದನು. ರಾಜಮಾತೆ ಅಲೆಕ್ಸಾಂಡ್ರಾ ಕೊಟ್ಟಿದ್ದ ಸತ್ಯವೇದವನ್ನೂ ಅಲ್ಲಿಯೇ ಬಿಟ್ಟು, 23ನೆಯ ಕೀರ್ತನೆಯ ಪುಟವನ್ನೂ ಯೋಬನ ಗ್ರಂಥದ ಒಂದು ಪುಟವನ್ನೂ ಸಂಗಡ ತೆಗೆದುಕೊಂಡನು. ನಾವಿಕನೊಬ್ಬನು ಯಾರಿಗೂ ತಿಳಿಯದಂತೆ ಆ ಗ್ರಂಥವನ್ನು ಎತ್ತಿಟ್ಟುಕೊಂಡನು.

ತೇಲುವ ಹಿಮದ ಮೇಲೆ ತಿಂಗಳುಗಟ್ಟಲೆ ವಾಸಿಸಿ, ತಾವೇ ಸಾಕಿದ ನಾಯಿಗಳನ್ನು ಗುಂಡಿಕ್ಕಿ ಕೊಂದು, 1916ನೆಯ ಏಪ್ರಿಲ್‌ನಲ್ಲಿ ಅವರು ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪವನ್ನು ಸೇರಿದರು. 497 ದಿನಗಳ ಮೇಲೆ ಅವರ ಕಾಲಿಗೆ ನೆಲವು ತಗಲಿತು. ಆದರೆ ಅದು ಬಂಡೆಯೂ ಹಿಮವೂ ಬಿರುಗಾಳಿಯೂ ತುಂಬಿದ ನಿರ್ಜನ ದ್ವೀಪ. ಅಲ್ಲಿಗೆ ಯಾವ ಹಡಗೂ ಬರುವಂತಿರಲಿಲ್ಲ. ಆದುದರಿಂದ ಏಪ್ರಿಲ್ 24ರಂದು ಶ್ಯಾಕಲ್ಟನನು ಐವರೊಡನೆ ಸುಮಾರು 23 ಅಡಿ ಉದ್ದದ ದೋಣಿಯಲ್ಲಿ ಸಹಾಯವನ್ನು ತರಲು ಹೊರಟನು.

ಉಳಿದ 22 ಮಂದಿಗೆ ಫ್ರಾಂಕ್ ವೈಲ್ಡನು ನಾಯಕನಾದನು. ಕಲ್ಲುಗೋಡೆಯ ಮೇಲೆ ಎರಡು ದೋಣಿಗಳನ್ನು ಕವುಚಿ, ಹಾಯಿಬಟ್ಟೆಯನ್ನು ಹೊದಿಸಿ ಗುಡಿಸಲು ಮಾಡಿದರು. ಆ ದಾನಶೀಲೆಯ ಹೆಸರಿನ ದೋಣಿಯೇ ಅವರಿಗೆ ಮಾಡಾಯಿತು. ಸೀಲ್ ಎಂಬ ಕಡಲಪ್ರಾಣಿಯ ಮಾಂಸವೂ ಪೆಂಗ್ವಿನ್ ಹಕ್ಕಿಗಳೂ ಅವರ ಆಹಾರ. ಅವುಗಳ ಕೊಬ್ಬೇ ಸೌದೆ, ಅದೇ ದೀಪ. ಹೊಗೆಯಿಂದ ಮುಖಗಳು ಕರಿದಾದವು. ಜೂನ್ 15ರಂದು ಬ್ಲಾಕ್‌ಬರೋ ಎಂಬ ಯುವಕನ ಎಡಗಾಲಿನ ಬೆರಳುಗಳು ಚಳಿಯಿಂದ ಕೊಳೆತುದರಿಂದ, ಇಬ್ಬರು ವೈದ್ಯರು ಆ ಗುಡಿಸಲಿನಲ್ಲಿಯೇ ಅವುಗಳನ್ನು ಕತ್ತರಿಸಿ ತೆಗೆದರು. ಕಡೆಕಡೆಗೆ ಹಸಿವು ಹೆಚ್ಚಿ, ಬಿಸಾಡಿದ್ದ ಎಲುಬುಗಳನ್ನು ಆಯ್ದು ಕಡಲಪಾಚಿಯೊಡನೆ ಬೇಯಿಸಿ ತಿಂದರು. ವೈಲ್ಡನಾದರೋ ಪ್ರತಿದಿನವೂ ಬೆಳಗಾಗುತ್ತಲೇ, ಈ ಹೊತ್ತು ನಾಯಕನು ಬಂದಾನು, ಹಾಸಿಗೆಯನ್ನು ಸುತ್ತಿಡಿರೆಂದು ಎಲ್ಲರಿಗೂ ಹೇಳುವನು.

ಇತ್ತ ಶ್ಯಾಕಲ್ಟನನು ಪರ್ವತದಂಥ ತೆರೆಗಳಲ್ಲಿ ಸುಮಾರು 1,480 ಕಿಲೋಮೀಟರ್ ಸಾಗಿ ಮೇ 10ರಂದು ಸೌತ್ ಜಾರ್ಜಿಯಾವನ್ನು ಸೇರಿದನು. ಆದರೆ ಜನರಿದ್ದುದು ದ್ವೀಪದ ಆಚೆಯ ಮಗ್ಗುಲಲ್ಲಿ. ಯಾರೂ ದಾಟದಿದ್ದ ಹಿಮಪರ್ವತಗಳನ್ನು ಆತನು ವರ್ಸ್ಲಿ, ಕ್ರೀನ್ ಎಂಬ ಇಬ್ಬರೊಡನೆ 36 ಗಂಟೆಗಳಲ್ಲಿ ದಾಟಿ, ತಿಮಿಂಗಿಲ ಹಿಡಿಯುವವರ ಠಾಣೆಯನ್ನು ಮುಟ್ಟಿದನು. ಆ ಹಾದಿಯಲ್ಲಿ ತಾವು ಮೂವರಲ್ಲ, ನಾಲ್ವರಿದ್ದಂತೆ ತನಗೆ ಅನೇಕ ಸಾರಿ ತೋರಿತೆಂದು ಆತನು ಅನಂತರ ಬರೆದನು.

ದ್ವೀಪದವರಿಗಾಗಿ ಮೂರು ಸಾರಿ ಹಡಗನ್ನು ತೆಗೆದುಕೊಂಡು ಹೋದರೂ ಮೂರು ಸಾರಿಯೂ ಹಿಮವು ದಾರಿಗಟ್ಟಿತು. ನಾಲ್ಕನೆಯ ಸಾರಿ, ಚಿಲಿ ದೇಶದ ‘ಯೆಲ್ಚೊ’ ಎಂಬ ಚಿಕ್ಕ ಹಡಗಿನಲ್ಲಿ, ಆಗಸ್ಟ್ 30ರಂದು ಆತನು ದ್ವೀಪವನ್ನು ಸಮೀಪಿಸಿದನು. ದಡದಲ್ಲಿದ್ದ ಆಕೃತಿಗಳನ್ನು ಆತುರದಿಂದ ಎಣಿಸಿದನು. 22 ಮಂದಿಯೂ ಇದ್ದರು. ಅವರು ಕಾದುದು 128 ದಿನಗಳು.

ಈತನು ದೋಷರಹಿತನಲ್ಲ. ಖಂಡದ ಆಚೆಯ ಬದಿಯಲ್ಲಿ ಆಹಾರವನ್ನು ಕೂಡಿಡಲು ಈತನು ಕಳುಹಿಸಿದ್ದ ಪಂಗಡದಲ್ಲಿ ಮೂವರು ಮಡಿದರು. ದೋಣಿಯನ್ನು ಕಡಲಿಗೆ ತಕ್ಕಂತೆ ಭದ್ರಪಡಿಸಿದ ಬಡಗಿ ಮಕ್‌ನಿಷನು ಹಿಂದೆ ಹಿಮದ ಮೇಲೆ ಎದುರುಮಾತಾಡಿದನೆಂಬ ಕಾರಣದಿಂದ, ಆತನಿಗೆ ಪದಕ ದೊರೆಯದಂತೆ ಮಾಡಿದನು. ಮೂವರು ಮಕ್ಕಳ ಪೋಷಣೆಯ ಭಾರವು ಬಹುಮಟ್ಟಿಗೆ ಎಮಿಲಿಯ ಮೇಲೆಯೇ ಬಿದ್ದಿತು. ಸಾಲವೂ ತೀರಲಿಲ್ಲ. 1922ನೆಯ ಜನವರಿ 5ರಂದು ಸೌತ್ ಜಾರ್ಜಿಯಾದಲ್ಲಿ ಹಡಗಿನಲ್ಲಿಯೇ ಈತನು 47ನೆಯ ವಯಸ್ಸಿನಲ್ಲಿ ಮೃತನಾದನು. ಪತ್ನಿಯ ಅಪೇಕ್ಷೆಯಂತೆ ಮಾರ್ಚ್ 5ರಂದು ದೇಹವನ್ನು ಅಲ್ಲಿಯೇ ಭೂಸ್ಥಾಪನೆ ಮಾಡಿದರು. ಸರಿಯಾಗಿ ನೂರು ವರ್ಷಗಳ ಮೇಲೆ, 2022ನೆಯ ಮಾರ್ಚ್ 5ರಂದು, ‘ಎಂಡ್ಯೂರನ್ಸ್’ ನೌಕೆಯು ವೆಡೆಲ್ ಸಮುದ್ರದ ತಳದಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಪತ್ತೆಯಾಯಿತು.

ತಾಳಿದವನು ಬಾಳಿಯಾನೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿರುವೆವು. ಆ ದ್ವೀಪದಲ್ಲಿ ತಾಳಿದವರು ಇಬ್ಬರು ನಾಯಕರು: ಬಂದೇ ಬರುವೆನೆಂದು ಮತ್ತೆ ಮತ್ತೆ ಹೊರಟವನೊಬ್ಬನು, ಬಂದೇ ಬರುವನೆಂದು ಪ್ರತಿದಿನ ಹಾಸಿಗೆಯನ್ನು ಸುತ್ತಿಡಿಸಿದವನೊಬ್ಬನು. ದೂರದೇಶಕ್ಕೆ ಮಕ್ಕಳನ್ನು ಕಳುಹಿಸಿ ಕಾದಿರುವ ತಾಯಂದಿರೂ, ಕಷ್ಟದಲ್ಲಿ ಮನೆವಾರ್ತೆಯನ್ನು ನಡೆಸುವ ಸಹೋದರಿಯರೂ ಈ ಎರಡನೆಯವನ ಕೆಲಸವು ಎಷ್ಟು ದೊಡ್ಡದೆಂಬುದನ್ನು ಚೆನ್ನಾಗಿ ಬಲ್ಲರು.