ಸರ್ ಎಂ.ವಿ. ಕಾಲದಲ್ಲಿ ಇರದ ಕ್ಯಾರಿಬ್ಯಾಗ್: ಮುದ್ದೇನಹಳ್ಳಿಯ ಎಂಜಿನಿಯರ್ ಬದುಕು, ನಮ್ಮ ಕೈಯಲ್ಲಿರುವ ಚೀಲದ ಲೆಕ್ಕ

ಪ್ರತಿ ವರ್ಷ ಸೆಪ್ಟೆಂಬರ್ 15 ಹತ್ತಿರವಾದರೆ ಸಾಕು, ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಫಾರ್ವರ್ಡ್‌ಗಳ ಮಳೆ ಶುರುವಾಗುತ್ತದೆ. ಜೊತೆಗೆ ಸರ್ಕಲ್ ಸರ್ಕಲ್‌ನಲ್ಲಿ ಅವರ ಚಿತ್ರವಿರುವ ಫ್ಲೆಕ್ಸ್. ಇನ್ನೊಂದು ಕಡೆ, ಪ್ಲಾಸ್ಟಿಕ್ ಚೀಲವನ್ನು ಮರ ಉಳಿಸಲೆಂದೇ ಕಂಡುಹಿಡಿದರು ಅನ್ನುವ ಮೆಸೇಜೂ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇದೆ. ಇವೆರಡನ್ನೂ ನಾವು ಒಟ್ಟಿಗೆ ಯಾಕೆ ನೋಡುತ್ತಿದ್ದೇವೆ? ಕಾರಣ ಇದೆ. ವಿಶ್ವೇಶ್ವರಯ್ಯನವರ ಆಯಸ್ಸು ಮತ್ತು ಪ್ಲಾಸ್ಟಿಕ್‌ನ ಬೆಳವಣಿಗೆ ಹೆಚ್ಚುಕಡಿಮೆ ಒಂದೇ ಅವಧಿಯವು. ಅವರು ಜೀವನವಿಡೀ ಮಾಡಿದ ಕೆಲಸ ನೀರಿಗೆ ದಾರಿ ಮಾಡಿಕೊಡುವುದು. ತೆಳುವಾದ ಪ್ಲಾಸ್ಟಿಕ್ ಚೀಲ ಮಾಡುವುದು ಅದೇ ದಾರಿಯನ್ನು ಮುಚ್ಚುವುದು.

ಹುಟ್ಟಿದ್ದು 1860ರಲ್ಲೋ, 1861ರಲ್ಲೋ?

ಮೊದಲ ಗೊಂದಲವೇ ಹುಟ್ಟಿದ ವರ್ಷದ್ದು. ಪಠ್ಯಪುಸ್ತಕ, ವೆಬ್‌ಸೈಟ್, ಫಾರ್ವರ್ಡ್‌ಗಳಲ್ಲಿ ಎರಡೂ ವರ್ಷಗಳು ಸಿಗುತ್ತವೆ. ಅವರು ಬದುಕಿದ್ದಾಗಲೇ ಜನ್ಮಶತಮಾನೋತ್ಸವ ನಡೆದದ್ದು 1960ರ ಸೆಪ್ಟೆಂಬರ್ 15ರಂದು. ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದದ್ದೂ ಅಂದೇ. ಆ ಲೆಕ್ಕದಲ್ಲಿ ಹುಟ್ಟಿದ್ದು 1860. 1861 ಅಂತ ಬರೆದವರೂ ಬಹಳ ಜನ ಇದ್ದಾರೆ. ಹಾಗಾಗಿ ಈ ವಿಷಯಕ್ಕೆ ಗ್ರೂಪ್‌ನಲ್ಲಿ ಜಗಳ ಬೇಡ.

ಊರಿನ ಬಗ್ಗೆ ಮಾತ್ರ ಗೊಂದಲವಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ. ಒಂದು ಕಡೆ ನಂದಿ ಬೆಟ್ಟ, ಇನ್ನೊಂದು ಕಡೆ ಇವತ್ತು ಚಾರಣಿಗರು ಸೂರ್ಯೋದಯ ನೋಡಲು ಹತ್ತುವ ಸ್ಕಂದಗಿರಿ. ಮೋಕ್ಷಗುಂಡಂ ಅನ್ನುವುದು ಅವರ ಹಿರಿಯರ ಊರು, ಅದು ಈಗಿನ ಆಂಧ್ರಪ್ರದೇಶದಲ್ಲಿದೆ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು, ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದು ಶುರು ಮಾಡಿದ ಹುಡುಗ ಬೆಂಗಳೂರಿಗೆ ಬಂದು, ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನೋಡಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್.

ಅವರು ಇನ್ನೂ ಮಗುವಾಗಿದ್ದ 1862ರಲ್ಲಿ ಲಂಡನ್ನಿನ ವಸ್ತುಪ್ರದರ್ಶನವೊಂದರಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಎಂಬಾತ ಪಾರ್ಕ್ಸೀನ್ ಎಂಬ ಹೊಸ ವಸ್ತುವನ್ನು ಜನರ ಮುಂದಿಟ್ಟಿದ್ದ. ಸಸ್ಯದ ನಾರಿನ ಅಂಶದಿಂದ ಮಾಡಿದ ಇದನ್ನೇ ಮನುಷ್ಯ ಮಾಡಿದ ಮೊದಲ ಪ್ಲಾಸ್ಟಿಕ್ ಅನ್ನುತ್ತಾರೆ. ಚೀಲ ಬರಲು ಇನ್ನೂ ನೂರು ವರ್ಷ ಬೇಕಿತ್ತು.

ನೀರಿನ ಎಂಜಿನಿಯರ್

1884ರಲ್ಲಿ ವಿಶ್ವೇಶ್ವರಯ್ಯನವರು ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಅಲ್ಲಿಂದ ಮುಂದೆ ಅವರ ಕೆಲಸಗಳ ಪಟ್ಟಿ ನೋಡಿದರೆ ಬಹುಪಾಲು ನೀರಿಗೆ ಸಂಬಂಧಿಸಿದ್ದೇ.

ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಕೊಡಬೇಕಿತ್ತು. ಸಿಂಧೂ ನದಿಯಲ್ಲಿ ನೀರಿಗೆ ಬರವಿರಲಿಲ್ಲ, ಆದರೆ ಅದರ ತುಂಬ ಮಣ್ಣು. ಶುದ್ಧೀಕರಣದ ದೊಡ್ಡ ತೊಟ್ಟಿಗಳಿಗೆ ಪುರಸಭೆಯಲ್ಲಿ ದುಡ್ಡಿರಲಿಲ್ಲ. ಆಗ ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಸೋಸಿ ಬಂದ ನೀರು ತಿಳಿಯಾಗಿತ್ತು. ನದಿಯ ಮರಳೇ ಫಿಲ್ಟರ್ ಆಯಿತು.

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರ ಹೊತ್ತಿಗೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಬಂದವು. ನೀರು ಒಂದು ಮಟ್ಟ ದಾಟಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡುವ ಉಪಾಯ ಅದು. ನಂತರ ಏಡನ್ ಬಂದರಿಗೂ ಹೋಗಿ ಕುಡಿಯುವ ನೀರು ಮತ್ತು ಚರಂಡಿ ವ್ಯವಸ್ಥೆಯ ಯೋಜನೆ ಮಾಡಿಕೊಟ್ಟರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಸಲಹೆಗೆ ಕರೆದದ್ದು ವಿಶ್ವೇಶ್ವರಯ್ಯನವರನ್ನು. ಪ್ರವಾಹದ ನೀರನ್ನು ಊರಿಗೆ ಬರುವ ಮೊದಲೇ ತಡೆದು ನಿಲ್ಲಿಸುವ ಜಲಾಶಯಗಳನ್ನು ಅವರು ಸೂಚಿಸಿದರು. ಇವತ್ತಿನ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಆ ಸಲಹೆಯ ಫಲ. ಊರಿಗೆ ಒಳಚರಂಡಿ ಬೇಕು ಅನ್ನುವುದೂ ಅವರ ಯೋಜನೆಯ ಭಾಗವಾಗಿತ್ತು. ಮೇಲೆ ಎಷ್ಟೇ ದೊಡ್ಡ ಅಣೆಕಟ್ಟು ಇದ್ದರೂ, ಊರಿನೊಳಗೆ ಬಿದ್ದ ಮಳೆ ಹೊರಗೆ ಹೋಗಲು ಮೋರಿ ತೆರೆದಿರಲೇಬೇಕು.

ಕನ್ನಂಬಾಡಿ ಮತ್ತು ಒಂಟಿ ಹೀರೋ ಕಥೆ

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಸಿಮೆಂಟ್ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದರು.

ಕಟ್ಟೆಯನ್ನು ಅವರೊಬ್ಬರೇ ಕಟ್ಟಿದರು ಅನ್ನುವ ಫಾರ್ವರ್ಡ್ ಸರಿಯಲ್ಲ. ಅವರ ಪಾತ್ರವೇ ಇಲ್ಲ ಅನ್ನುವ ಎದುರು ಫಾರ್ವರ್ಡೂ ಸರಿಯಲ್ಲ. ಹಣ ಮತ್ತು ತೀರ್ಮಾನ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ್ದು. ಯೋಜನೆಗೆ ರೂಪ ಕೊಟ್ಟು ಪಟ್ಟು ಹಿಡಿದು ಆರಂಭಿಸಿದವರಲ್ಲಿ ಇವರು ಮುಖ್ಯರು. ಮುಗಿಸಿದ್ದು ಅವರ ನಂತರದ ಎಂಜಿನಿಯರುಗಳು ಮತ್ತು ಸಾವಿರಾರು ಕೂಲಿಕಾರರು.

ದಿವಾನಗಿರಿ ಬಿಟ್ಟ ಕಾರಣವನ್ನೂ ಫಾರ್ವರ್ಡ್‌ಗಳು ಹೇಳುವುದಿಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ವಿಚಾರಕ್ಕೆ 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ಜಾತಿ ನೋಡಿ ನೇಮಕ ಮಾಡುವುದಕ್ಕೆ ಅವರ ಒಪ್ಪಿಗೆ ಇರಲಿಲ್ಲ, ಹುದ್ದೆ ಬಿಟ್ಟರು. ಸಮಿತಿಯ ಶಿಫಾರಸಿನಿಂದ ಬಾಗಿಲು ತೆರೆದುಕೊಂಡ ಕುಟುಂಬಗಳು ಈ ಘಟನೆಯನ್ನು ಬೇರೆ ರೀತಿ ನೆನೆಯುತ್ತವೆ. ಎರಡೂ ಇತಿಹಾಸವೇ.

ಇನ್ನು ಸರ್ಕಾರದ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಅನ್ನುವ ಕಥೆ. ಇದೇ ಕಥೆಯನ್ನು ದೀಪದ ಹೆಸರಿನಲ್ಲಿ ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ. ಹೆಸರು ಬದಲಿಸಿದರೂ ನಡೆಯುವ ಕಥೆ ಬಂದಾಗ ಸ್ವಲ್ಪ ಹುಷಾರಾಗಿರಿ.

ಪೊಟ್ಟಣವೇ ಜಾಹೀರಾತು

ಅವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಅದೇ ವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬಂದವು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಕಾರ್ಖಾನೆಯಲ್ಲಿ. ಸೋಪಿನ ತಜ್ಞ ಎಸ್.ಜಿ. ಶಾಸ್ತ್ರಿಯವರು ಅಂಡಾಕಾರದ ಸೋಪನ್ನು ಒಡವೆ ಪೆಟ್ಟಿಗೆಯಂಥ ಕಾಗದದ ಡಬ್ಬಿಯಲ್ಲಿಟ್ಟು, ಮೇಲೆ ಶರಭದ ಗುರುತು ಹಾಕಿಸಿದರು. ಡಬ್ಬಿಯೇ ಸೋಪಿನ ಜಾಹೀರಾತಾಯಿತು.

ಅಂದರೆ ಪ್ರಚಾರಕ್ಕೆ ಪ್ಲಾಸ್ಟಿಕ್ ಬೇಕಾಗಿರಲಿಲ್ಲ. ಸಂತೆಗೂ ಬೇಕಾಗಿರಲಿಲ್ಲ. ಕಾಳಿಗೆ ಗೋಣಿಚೀಲ, ತರಕಾರಿಗೆ ಬಟ್ಟೆ ಚೀಲ ಅಥವಾ ಬಿದಿರು ಬುಟ್ಟಿ, ಹೂವಿಗೆ ಬಾಳೆ ಎಲೆ, ಸಾಮಾನಿಗೆ ದಾರ ಸುತ್ತಿದ ಪೊಟ್ಟಣ. ಚೀಲ ಮನೆಯಿಂದಲೇ ಹೋಗುತ್ತಿತ್ತು.

ಅದೇ ವರ್ಷಗಳಲ್ಲಿ ಬೆಳೆದ ಪ್ಲಾಸ್ಟಿಕ್

- 1907: ಅಮೆರಿಕದಲ್ಲಿ ಲಿಯೊ ಬೇಕ್‌ಲ್ಯಾಂಡ್ ಬೇಕಲೈಟ್ ಕಂಡುಹಿಡಿದರು. ಇದು ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್. ಆಗ ವಿಶ್ವೇಶ್ವರಯ್ಯನವರು ಬಾಂಬೆ ಪ್ರಾಂತ್ಯದ ಕೆಲಸದ ಕೊನೆಯ ಹಂತದಲ್ಲಿದ್ದರು.
- 1933: ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಮೇಣದಂಥ ಬಿಳಿ ವಸ್ತು ಸಿಕ್ಕಿತು. ಅದೇ ಪಾಲಿಥೀನ್. ಮರುವರ್ಷ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದರು.
- 1953: ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲಿ ಗಟ್ಟಿ ಪಾಲಿಥೀನ್ ಮಾಡುವ ದಾರಿ ತೋರಿಸಿದರು. ಮುಟ್ಟಿದರೆ ಸರಸರ ಅನ್ನುವ ತೆಳು ಚೀಲ ಈ ಬಗೆಯದು. ಎರಡು ವರ್ಷದ ನಂತರ ವಿಶ್ವೇಶ್ವರಯ್ಯನವರಿಗೆ ಭಾರತರತ್ನ.
- 1965: ಸ್ವೀಡನ್ನಿನ ಸೆಲ್ಲೋಪ್ಲಾಸ್ಟ್ ಕಂಪನಿ ಎರಡು ಹಿಡಿಕೆಯ ಚೀಲಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ರೂಪಿಸಿದ್ದು ಸ್ಟೆನ್ ಗುಸ್ತಾಫ್ ಥುಲಿನ್.

ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಪೇಟೆಂಟಿಗೆ ಇನ್ನೂ ಮೂರು ವರ್ಷ ಇತ್ತು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಪ್ಲಾಸ್ಟಿಕ್ ಚೀಲ ಬಂದದ್ದು ಮರ ಉಳಿಸಲಿಕ್ಕಾ?

ಅರ್ಧ ನಿಜ. ಥುಲಿನ್ ಮಾಡಿದ್ದು ಹಗುರವಾದ, ನೆನೆಯದ, ಮತ್ತೆ ಮತ್ತೆ ಬಳಸಬಹುದಾದ ಚೀಲ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ ಅನ್ನುವುದು ಅವರ ಆಸೆಯಾಗಿತ್ತು, ಒಂದು ಚೀಲವನ್ನು ಮಡಚಿ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು ಎಂದು ಅವರ ಮಗ ಹೇಳಿದ್ದಾರೆ. ಒಮ್ಮೆ ಬಳಸಿ ಎಸೆಯುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ಅಂಗಡಿಯವರು ಪುಕ್ಕಟೆ ಕೊಟ್ಟರು, ನಾವು ಎಸೆದೆವು.

ಹಾಗಾದರೆ ಬಟ್ಟೆ ಚೀಲ ತಗೊಂಡರೆ ಆಯಿತಾ? ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಒಮ್ಮೆ ಬಳಸಿ ಎಸೆಯುವ ತೆಳು ಚೀಲಕ್ಕೆ ಹೋಲಿಸಿದರೆ, ಹವಾಮಾನದ ಮೇಲಿನ ಪರಿಣಾಮದಲ್ಲಿ ಸಮವಾಗಬೇಕಾದರೆ ಕಾಗದದ ಚೀಲವನ್ನು 3 ಬಾರಿ, ನಾನ್-ವೋವನ್ ಚೀಲವನ್ನು 11 ಬಾರಿ, ಹತ್ತಿ ಚೀಲವನ್ನು 131 ಬಾರಿ ಬಳಸಬೇಕು. ಹತ್ತಿ ಬೆಳೆಯಲು ನೀರು, ಗೊಬ್ಬರ, ವಿದ್ಯುತ್ ಎಲ್ಲ ಬೇಕಲ್ಲ. ಆದರೆ ಮೋರಿ ಕಟ್ಟುವುದು, ದನದ ಹೊಟ್ಟೆ ಸೇರುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಹತ್ತಿ ಚೀಲ ಕೆಟ್ಟದ್ದು ಅಂತ ಅರ್ಥವಲ್ಲ. ವಾರಕ್ಕೊಮ್ಮೆ ಸಂತೆಗೆ ಒಂದೇ ಚೀಲ ಒಯ್ದರೆ ಎರಡೂವರೆ ವರ್ಷದಲ್ಲಿ ಲೆಕ್ಕ ಸರಿಹೋಗುತ್ತದೆ. ಪ್ರತಿ ಮದುವೆಯಲ್ಲೂ ಹೊಸದೊಂದು ತಂದು ಅಟ್ಟಕ್ಕೆ ಹಾಕಿದರೆ ಇಲ್ಲ.

ತಾಂಬೂಲದ ಚೀಲ ಬಟ್ಟೆಯದೇ?

ಬಟ್ಟೆ ಅಂಗಡಿಯವರು ಹೆಸರು ಹಾಕಿಸಿ ಕೊಡುವ ಚೀಲ, ಮದುವೆಯಲ್ಲಿ ವಧೂವರರ ಹೆಸರಿರುವ ತಾಂಬೂಲದ ಚೀಲ, ಚುನಾವಣೆ ಹೊತ್ತಿನ ಚೀಲ. ಇವುಗಳಲ್ಲಿ ಹಲವು ನೋಡಲು ಬಟ್ಟೆಯಂತಿದ್ದರೂ ಬಟ್ಟೆಯಲ್ಲ. ನಾನ್-ವೋವನ್ ಅನ್ನುವ ಇದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್.

ಗುರುತಿಸುವುದು ಸುಲಭ. ಹತ್ತಿರದಿಂದ ನೋಡಿ. ಅಡ್ಡ-ಉದ್ದ ಎಳೆಗಳ ನೇಯ್ಗೆ ಕಂಡರೆ ನೇಯ್ದ ಬಟ್ಟೆ. ನೇಯ್ಗೆ ಇಲ್ಲದೆ ಒತ್ತಿದಂಥ ಸಣ್ಣ ಚುಕ್ಕೆಗಳಿದ್ದರೆ ನಾನ್-ವೋವನ್. ಬೆಂಕಿ ಹಚ್ಚಿ ನೋಡಿ ಅನ್ನುವ ವಿಡಿಯೋ ಬಂದರೆ ಅನುಸರಿಸಬೇಡಿ. ಹೊಗೆ ಒಳ್ಳೆಯದಲ್ಲ, ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿತು. ಕೇಂದ್ರದ ನಿಯಮದಂತೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳು ಚೀಲ ಇಡೀ ದೇಶದಲ್ಲಿ ನಿಷಿದ್ಧ. ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್, ಅದರಿಂದ ಅಂದಾಜು ಮಾಡಿಕೊಳ್ಳಿ. ನಾನ್-ವೋವನ್ ಚೀಲಕ್ಕೂ ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕ ಇರಬೇಕು. ದಪ್ಪ ಚೀಲವನ್ನು ಜನ ಮತ್ತೆ ಬಳಸುತ್ತಾರೆ, ಆಯುವವರಿಗೂ ತೂಕ ಸಿಗುತ್ತದೆ. ತೆಳು ಚೀಲವನ್ನು ಯಾರೂ ಆಯುವುದಿಲ್ಲ, ಅದು ಹಾರಿ ಹೋಗಿ ಮೋರಿ ಸೇರುತ್ತದೆ.

ಸ್ಕಂದಗಿರಿಯಿಂದ ಕೆರೆಯ ತೂಬಿನವರೆಗೆ

ಬಾಂಗ್ಲಾದೇಶ 2002ರಲ್ಲೇ ತೆಳು ಪಾಲಿಥೀನ್ ಚೀಲ ನಿಷೇಧಿಸಿತು. ಪ್ರವಾಹದ ಹೊತ್ತಿನಲ್ಲಿ ಚೀಲಗಳು ಚರಂಡಿ ಕಟ್ಟಿದ್ದು ಅದಕ್ಕೆ ಮುಖ್ಯ ಕಾರಣ. 2005ರ ಮುಂಬೈ ಪ್ರವಾಹದ ನಂತರವೂ ಇದೇ ಮಾತು ಎದ್ದಿತು.

ಚಿಕ್ಕಬಳ್ಳಾಪುರ ಸೀಮೆಯದು ಬೇರೆ ಕಷ್ಟ. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿ ಬೆಟ್ಟ ಸಾಲಿನ ಸುತ್ತ ಅರ್ಕಾವತಿ, ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟಿದರೂ ಮಳೆ ಬಂದರಷ್ಟೇ ನೀರು. ಬಿದ್ದ ಮಳೆ ಬೆಟ್ಟದಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ, ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಹೋಗಬೇಕು. ಸ್ಕಂದಗಿರಿಯ ತುದಿಯಲ್ಲಿ ಬಿಟ್ಟುಬಂದ ಚಿಪ್ಸ್ ಪ್ಯಾಕೆಟ್, ತಿಂಡಿ ಕಟ್ಟಿದ ಕವರ್ ಮಳೆಗಾಲದಲ್ಲಿ ಹಿಡಿಯುವುದೂ ಇದೇ ದಾರಿಯನ್ನು. ತೂಬಿನ ಬಾಯಿಗೆ ನಾಲ್ಕು ಕವರ್ ಅಡ್ಡ ಬಂದರೆ ನೀರು ನಿಲ್ಲುತ್ತದೆ. ಅಲ್ಲಿಯ ರೈತರಿಗೆ ಒಂದೊಂದು ಮಳೆಯೂ ಲೆಕ್ಕಕ್ಕೆ ಬರುತ್ತದೆ.

ಹಂಚುವ ಮುನ್ನ ಇಷ್ಟು ನೆನಪಿರಲಿ

- ಮನೆಯಲ್ಲಿರುವ ಹಳೆಯ ಚೀಲ ಯಾವುದೇ ಇರಲಿ, ಅದನ್ನೇ ಮತ್ತೆ ಬಳಸುವುದು ಹೊಸದು ಕೊಳ್ಳುವುದಕ್ಕಿಂತ ಮೇಲು.
- ಬಿಸಿ ಸಾಂಬಾರು, ಟೀ ತೆಳು ಕವರ್‌ನಲ್ಲಿ ಕಟ್ಟಿಸಿಕೊಳ್ಳಬೇಡಿ. ಡಬ್ಬಿ ಒಯ್ಯಿರಿ.
- ಅಂಗಡಿಯ ಹೆಸರು ಅಚ್ಚಾದ ಚೀಲದ ಬಣ್ಣದ ಭಾಗಕ್ಕೆ ತಿನ್ನುವ ಪದಾರ್ಥ ತಾಗದಿರಲಿ.
- ಬೆಟ್ಟಕ್ಕೆ ಹೋದರೆ ಕಸ ಹಾಕಿಕೊಳ್ಳಲೆಂದೇ ಒಂದು ಗಟ್ಟಿ ಚೀಲ ಒಯ್ದು, ಅದನ್ನು ಕೆಳಗೆ ತನ್ನಿ.
- ಈ ಸೆಪ್ಟೆಂಬರ್ 15ಕ್ಕೆ ನಿಮ್ಮ ಬೀದಿಯಲ್ಲಿ ಫ್ಲೆಕ್ಸ್ ಕಟ್ಟುವ ಮಾತು ಬಂದರೆ, ಆ ದುಡ್ಡಿನಲ್ಲಿ ಬೀದಿಯ ಮೋರಿ ತೆಗೆಸಬಹುದು ಅಂತ ಗ್ರೂಪ್‌ನಲ್ಲಿ ಒಂದು ಮಾತು ಹಾಕಿ ನೋಡಿ.